ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರ ತುಂಬಿಸಿದರೆ ಗೂಗಲ್‌ನಲ್ಲಿ ಮೇಲೆ ಬರ್ತೀವಾ?

ಹೋಮ್‌ಸ್ಟೇ ವೆಬ್‌ಸೈಟಿನ ಕೆಳಗೆ ಸುತ್ತಲಿನ ನೂರು ಊರಿನ ಹೆಸರನ್ನು ಬಿಳಿ ಅಕ್ಷರದಲ್ಲಿ ತುಂಬಿಸೋಣ, ಓದುವವರಿಗೆ ಕಾಣಲ್ಲ, ಗೂಗಲ್‌ಗೆ ಮಾತ್ರ ಕಾಣುತ್ತೆ ಅಂತ ನಿಮ್ಮ ಡಿಸೈನರ್ ಹೇಳಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ. ನಾನು ಮಾಡಿ ಕೈ ಸುಟ್ಟುಕೊಂಡವನು.

ನಮ್ಮ ಚಿಕ್ಕಪ್ಪನದು ಶಾಮಿಯಾನ ಬಾಡಿಗೆ ಅಂಗಡಿ. ಸೈಟ್ ಮಾಡಿಕೊಟ್ಟವನು ನಾನೇ. ಪುಟದ ತಳದಲ್ಲಿ 'ಶಾಮಿಯಾನ ಬಾಡಿಗೆಗೆ' ಅಂತ ಸುಮಾರು ಮೂವತ್ತು ಸಲ, ಬಿಳಿ ಮೇಲೆ ಬಿಳಿ. ನನಗೆ ನಾನೇ ಭಾರಿ ಬುದ್ಧಿವಂತ ಅನ್ನಿಸಿತ್ತು. ಒಂದು ದಿನ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ರೀ ಇದು, ಕೆಳಗಡೆ ಜಪ ಮಾಡಿದ ಹಾಗೆ ಶಾಮಿಯಾನ ಶಾಮಿಯಾನ ಅಂತ ಬರೆದಿದ್ದೀರಲ್ಲ?" ಅಂದರು. ಅವರ ಫೋನಿನ ಬ್ರೌಸರ್ ಡಾರ್ಕ್ ಮೋಡ್‌ನಲ್ಲಿತ್ತು. ಹಿನ್ನೆಲೆ ಕಪ್ಪಾಗಿ, ನನ್ನ ಗುಟ್ಟೆಲ್ಲ ಬಯಲಾಗಿತ್ತು!

ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಬಣ್ಣ ನೋಡುವುದಿಲ್ಲ. ಆ ಮೂವತ್ತನ್ನೂ ಒಂದೊಂದಾಗಿ ಓದಿ ಹೇಳುತ್ತೆ. ಪಾಪ, ಅವರ ಪಾಡು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಪುಟ) 'ಮ್ಯಾನ್ಯುಯಲ್ ಆಕ್ಷನ್' ನೋಟಿಸ್ ಬಂತು. ಅಂದರೆ ಗೂಗಲ್‌ನಲ್ಲಿ ಒಬ್ಬ ಮನುಷ್ಯ ಕೂತು ಸೈಟ್ ನೋಡಿ ತಪ್ಪು ಹಿಡಿದಿದ್ದಾನೆ ಅಂತ. ಚಿಕ್ಕಪ್ಪನ ಅಂಗಡಿ ಹೆಸರನ್ನೇ ಹೊಡೆದರೂ ಸೈಟ್ ಸಿಗಲಿಲ್ಲ. ಆ ಸಾಲುಗಳನ್ನು ಅಳಿಸಲು ಎರಡು ನಿಮಿಷ. ತಪ್ಪಾಯ್ತು, ಸರಿಮಾಡಿದ್ದೇನೆ ಅಂತ ಮರುಪರಿಶೀಲನೆಗೆ ಅರ್ಜಿ ಹಾಕಿ ಕಾದಿದ್ದು ಮೂರು ವಾರ. ಅದೂ ಮದುವೆ ಸೀಸನ್‌ನಲ್ಲಿ. ಚಿಕ್ಕಪ್ಪ ಬೈಯಲಿಲ್ಲ, ಆದರೆ ಮಾತೂ ಆಡಲಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟನ್ನೇ ಗೂಗಲ್ ತೆಗೆದುಹಾಕಿತ್ತು. ಸರ್ಚ್ ಎಂಜಿನ್‌ಗೆ 'ಹಳೇ ಕಾರು' ಅನ್ನುವ ಪದ ತುಂಬಿದ ಪುಟ, ಜನ ಕ್ಲಿಕ್ ಮಾಡಿದರೆ ಜಾವಾಸ್ಕ್ರಿಪ್ಟ್ ಅನ್ನುವ ಕೋಡ್ ಮೂಲಕ ಬೇರೆ ಪುಟ. ಗೂಗಲ್‌ನ ಮ್ಯಾಟ್ ಕಟ್ಸ್ ಅದನ್ನು ತಮ್ಮ ಬ್ಲಾಗ್‌ನಲ್ಲೇ ಬರೆದರು. ಬಿಎಂಡಬ್ಲ್ಯು ಸೈಟ್ ಕೆಲವೇ ದಿನದಲ್ಲಿ ವಾಪಸ್ ಬಂತು ಬಿಡಿ. ಬಿಎಂಡಬ್ಲ್ಯು ಸಿಗದಿದ್ದರೆ ಜನ ಗೂಗಲ್‌ನ ಬೈತಾರೆ. ನಾವು ಸಿಗದಿದ್ದರೆ ಪಕ್ಕದ ಹೋಮ್‌ಸ್ಟೇಗೆ ಹೋಗ್ತಾರೆ, ಅಷ್ಟೇ.

ಅಕ್ಷರದ ಗಾತ್ರ ಸೊನ್ನೆ ಮಾಡುವುದು, ಚಿತ್ರದ ಹಿಂದೆ ಅಡಗಿಸುವುದು, ಸಿಎಸ್ಎಸ್‌ನಿಂದ (ಪುಟದ ಅಂದ, ಜೋಡಣೆ ನೋಡಿಕೊಳ್ಳುವ ಕೋಡ್) ಪರದೆಯ ಆಚೆ ತಳ್ಳುವುದು, ಎಲ್ಲವೂ ಇದೇ ಲೆಕ್ಕ. ಆದರೆ ಒತ್ತಿದಾಗ ತೆರೆದುಕೊಳ್ಳುವ ಪ್ರಶ್ನೋತ್ತರ, ಟ್ಯಾಬ್ ಇವಕ್ಕೆ ಹೆದರಬೇಡಿ. ಅವು ಓದುವವರ ಅನುಕೂಲಕ್ಕೆ ಇರುವಂಥವು, ಗೂಗಲ್‌ಗೂ ತಕರಾರಿಲ್ಲ.

ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಸೈಟ್ ತೆರೆದು ಕಂಟ್ರೋಲ್ ಜೊತೆ ಎ ಒತ್ತಿ. ಬಿಳಿ ಅಕ್ಷರ ಇದ್ದರೆ ಸಾಮಾನ್ಯವಾಗಿ ನೀಲಿಯಲ್ಲಿ ಎದ್ದು ಕಾಣುತ್ತೆ. ನೀವು ಹಾಕದ ಔಷಧಿ, ಜೂಜಿನ ಹೆಸರು ಕಂಡರೆ ಯಾರೋ ಸೈಟಿಗೆ ನುಗ್ಗಿದ್ದಾರೆ ಅಂತ, ತಕ್ಷಣ ಹೋಸ್ಟಿಂಗ್‌ನವರಿಗೆ ಹೇಳಿ.

ಇನ್ನು ಆ ಊರಿನ ಹೆಸರುಗಳು. ಕಾಣುವ ಹಾಗೇ ಬರೆಸಿ: ಹತ್ತಿರದ ಪೇಟೆಯಿಂದ ಎಷ್ಟು ದೂರ, ಕೊನೆಯ ಬಸ್ ಎಷ್ಟು ಗಂಟೆಗೆ, ಮಳೆಗಾಲದಲ್ಲಿ ಮಣ್ಣಿನ ರಸ್ತೆಯಲ್ಲಿ ಸಣ್ಣ ಕಾರು ಹತ್ತುತ್ತಾ ಇಲ್ವಾ. ಬರುವವರು ಹುಡುಕುವುದೂ ಅದನ್ನೇ ಅಲ್ವಾ?