ಕೋರ್ಟು ಬಿಟ್ಟು ಕಣಕ್ಕಿಳಿದ ನ್ಯಾಯಮೂರ್ತಿ

ಪ್ರಶ್ನೆ: ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆ ಬಿಟ್ಟು ಚುನಾವಣೆಗೆ ನಿಂತವರು ಯಾರಾದರೂ ಇದ್ದಾರೆಯೇ?

ಉತ್ತರ: ಇದ್ದಾರೆ. ಚಾರ್ಲ್ಸ್ ಇವಾನ್ಸ್ ಹ್ಯೂಸ್. ನ್ಯೂಯಾರ್ಕಿನ ವಕೀಲ. 1905ರಲ್ಲಿ ಗ್ಯಾಸ್ ಮತ್ತು ವಿಮಾ ಕಂಪನಿಗಳ ಅವ್ಯವಹಾರ ಬಯಲಿಗೆಳೆದು ಹೆಸರಾದರು. ಆಮೇಲೆ ಗವರ್ನರ್, 1910ರಲ್ಲಿ ನ್ಯಾಯಮೂರ್ತಿ. 1916ರಲ್ಲಿ ರಿಪಬ್ಲಿಕನ್ ಪಕ್ಷ ಕರೆದಾಗ ರಾಜೀನಾಮೆ ಕೊಟ್ಟು ವುಡ್ರೋ ವಿಲ್ಸನ್ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತರು.

ಸೋತ ರೀತಿ ಕೇಳಿ. ಪ್ರಚಾರಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಲಾಂಗ್ ಬೀಚಿನ ಹೋಟೆಲೊಂದರಲ್ಲಿ ಇವರೂ, ಅಲ್ಲಿನ ಪ್ರಭಾವಿ ಗವರ್ನರ್ ಹೈರಮ್ ಜಾನ್ಸನ್ ಅವರೂ ಒಂದೇ ಹೊತ್ತಿನಲ್ಲಿ ಇದ್ದರು. ಭೇಟಿ ಮಾತ್ರ ಆಗಲಿಲ್ಲ. ಜಾನ್ಸನ್ ಬೆಂಬಲಿಗರು ಇದನ್ನು ಅವಮಾನವೆಂದೇ ಬಗೆದರು. ಆ ರಾಜ್ಯ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಕೈತಪ್ಪಿತು. ಅದರೊಂದಿಗೆ ಅಧ್ಯಕ್ಷ ಪದವಿಯೂ. ಅಧ್ಯಕ್ಷರನ್ನು ನಿರ್ಧರಿಸುವ, ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಮತಗಳು ವಿಲ್ಸನ್‌ಗೆ 277, ಹ್ಯೂಸ್‌ಗೆ 254. ಸೋಲಿಗೆ ಈ ಹೋಟೆಲ್ ಪ್ರಸಂಗವೊಂದೇ ಕಾರಣವೆನ್ನುವುದನ್ನು ನಾನು ಒಪ್ಪುವುದಿಲ್ಲ. ದೇಶವನ್ನು ಮೊದಲ ಮಹಾಯುದ್ಧದಿಂದ ದೂರವಿಟ್ಟ ಅಧ್ಯಕ್ಷರೆಂಬ ಹೆಸರು ವಿಲ್ಸನ್‌ಗೆ ಆಗ ಭಾರಿ ಬಲವಾಗಿತ್ತು.

ಮುಂದೆ ಹ್ಯೂಸ್ ವಿದೇಶಾಂಗ ಕಾರ್ಯದರ್ಶಿಯಾದರು, ಅಂದರೆ ನಮ್ಮಲ್ಲಿನ ವಿದೇಶಾಂಗ ಸಚಿವರಂಥ ಹುದ್ದೆ. 1930ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ಕೋರ್ಟಿಗೆ ಮರಳಿದರು. ಆಗ ಅವರ ಮಗ ಸರ್ಕಾರದ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಸಾಲಿಸಿಟರ್ ಜನರಲ್. ತಂದೆಯ ಮುಂದೆ ವಾದಿಸುವುದು ಸಲ್ಲದೆಂದು ಮಗ ಹುದ್ದೆ ಬಿಟ್ಟರು. ಇಂಥ ಸಂಕೋಚ ಇಂದು ಅಪರೂಪ, ಬಿಡಿ.

1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕೋರ್ಟಿನ ಕೆಲಸ ಬಾಕಿ ಬಿದ್ದಿದೆಯೆಂದು ಹೇಳಿ ಹೆಚ್ಚುವರಿಯಾಗಿ ಆರು ನ್ಯಾಯಮೂರ್ತಿಗಳವರೆಗೆ ತುಂಬುವ ಮಸೂದೆ ತಂದಾಗ, ಕೋರ್ಟಿನಲ್ಲಿ ಕೆಲಸವೇನೂ ಬಾಕಿ ಬಿದ್ದಿಲ್ಲವೆಂದು, ಮಸೂದೆಯನ್ನು ವಿರೋಧಿಸುತ್ತಿದ್ದ ಸೆನೆಟರ್ ವೀಲರ್‌ಗೆ ಹ್ಯೂಸ್ ಪತ್ರ ಬರೆದರು. ಭಾಷಣವಿಲ್ಲ, ಬೈಗುಳವಿಲ್ಲ. ಮಸೂದೆ ಬಿದ್ದುಹೋಯಿತು. ಹ್ಯೂಸ್ 1941ರಲ್ಲಿ ನಿವೃತ್ತರಾದರು.