ಒಂದೇ ತಾಳ, ಹತ್ತಾರು ಗಂಟಲು

“ಸಾರ್, ಮೊನ್ನೆ ಮಗ ಕಾರಿನಲ್ಲಿ ಶಾನ್ ಪಾಲ್, ವೇಯ್ನ್ ವಂಡರ್, ಲೂಮಿಡೀ ಎಂಬ ಮೂವರ ಹಾಡು ಹಾಕಿದ. ಮೂರಕ್ಕೂ ಅದೇ ಚಪ್ಪಾಳೆ! ಇದು ಕದ್ದ ಮಾಲು ಅಲ್ವಾ?” – ಓದುಗರೊಬ್ಬರು, ಹಾಸನ

ನಿಮ್ಮ ಕಿವಿಗೆ ನೂರಕ್ಕೆ ನೂರು. ತೀರ್ಪಿಗೆ ಮಾತ್ರ ಸೊನ್ನೆ. ಬೇಜಾರು ಮಾಡ್ಕೋಬೇಡಿ.

ಆ ಚಪ್ಪಾಳೆಯ ಹೆಸರು ‘ದಿವಾಲಿ’. ಹೌದು, ನಮ್ಮ ಹಬ್ಬದ ಹೆಸರೇ. ಅದು ಹುಟ್ಟಿದ್ದು ಕೆರಿಬಿಯನ್ ದ್ವೀಪ ಜಮೈಕಾದಲ್ಲಿ. 1845ರಿಂದ ಭಾರತದ ಕೂಲಿಗಳು ಹಡಗು ಹತ್ತಿ ಹೋದ ನಾಡು, ಹೆಸರು ಅಲ್ಲಿಗೆ ಹೊಸದಲ್ಲ. ಈ ತಾಳ ಕಟ್ಟಿದವರು ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಎಂಬ ಕೀಬೋರ್ಡ್ ವಾದಕ. ಹಾಡಿಗೆ ಮೊದಲೇ ಸಿದ್ಧವಾಗುವ ಇಂಥ ತಳಪಾಯಕ್ಕೆ ಅಲ್ಲಿ ‘ರಿಡಿಮ್’ ಅಂತಾರೆ. ಸಾಮಾನ್ಯವಾಗಿ ಅದನ್ನು ಮಾಡಿದವರೇ ಒಬ್ಬೊಬ್ಬರನ್ನೂ ಕರೆದು ಹಾಡಿಸುತ್ತಾರೆ. ದಿವಾಲಿಯ ಹಲವು ಹಾಡುಗಳು ಸೇರಿ 2002ರಲ್ಲಿ ಒಂದು ಆಲ್ಬಮ್ಮೇ ಬಂತು. ಮನೆಯವರೇ ಎಲೆ ಹಾಕಿ ಬಡಿಸಿದ ಮೇಲೆ ಕಳ್ಳತನ ಎಲ್ಲಿಂದ ಬಂತು?

ಇನ್ನೊಂದು ಸಲ ಕೇಳಿ. ಶಾನ್ ಪಾಲ್ ಉಸಿರು ಬಿಡದೆ ಮಾತು ಉದುರಿಸುತ್ತಾರೆ. 2003ರಲ್ಲಿ ಅವರ ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಹೋಯಿತು. ವೇಯ್ನ್ ವಂಡರ್ ಅದೇ ತಾಳಕ್ಕೆ ಬೆಣ್ಣೆ ಸವರುತ್ತಾರೆ. ನ್ಯೂಯಾರ್ಕಿನ ಲೂಮಿಡೀ ಶ್ರುತಿ ಒಂಚೂರು ಆಚೀಚೆ, ಪಾತ್ರೆ ತೊಳೆಯುತ್ತಾ ಗುನುಗಿದ ಹಾಗೆ. ಇದೇ ತಾಳಕ್ಕೆ ಬೌಂಟಿ ಕಿಲ್ಲರ್ ಎಂಬ ಗಾಯಕರು ಹಾಡಿದ ‘ಸಫರರ್’ ಹಾಕಲಿಲ್ವಾ ನಿಮ್ಮ ಮಗ? ಹಾಕಿಸಿ. ಚಪ್ಪಾಳೆ ಕುಣಿಯುವುದಕ್ಕೇ ಕರೆಯುತ್ತೆ, ಮಾತಿನಲ್ಲಿ ಮಾತ್ರ ಹುಟ್ಟಿದಾಗಿನಿಂದ ಕಷ್ಟ ಉಂಡವನ ಪಾಡು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಡ್ಯಾನ್ಸ್‌ಗಳಲ್ಲಿ ಒಂದು ರಿಡಿಮ್‌ನ ಹಾಡುಗಳನ್ನು ಒಂದರ ಬೆನ್ನಿಗೆ ಒಂದು ಹಾಕುತ್ತಾರೆ. ತಾಳ ನಿಲ್ಲುವುದಿಲ್ಲ, ಗಂಟಲು ಬದಲಾಗುತ್ತೆ. ಮುಂದೆ ಯಾರು ಬರ್ತಾರೆ ಅಂತ ಕಾಯುವುದರಲ್ಲೇ ಜನಕ್ಕೆ ಮಜಾ.

ನಮ್ಮಜ್ಜಿ ರಾಗಿ ಬೀಸಲು ಕೂತರೆ ಒಂದೇ ಧಾಟಿಯಲ್ಲಿ ತ್ರಿಪದಿ ಮೇಲೆ ತ್ರಿಪದಿ. ಧಾಟಿ ಯಾರದ್ದು ಅಂತ ಯಾರೂ ಕೇಳಲಿಲ್ಲ. ಹಿಟ್ಟು ನುಣ್ಣಗಾಯ್ತಾ ಅಂತ ಕೇಳುತ್ತಿದ್ದರು, ಅಷ್ಟೆ.

ನಿಮ್ಮ ಕಡೆಗೂ ಒಂದು ಮಾತು: ಹೇಳದೆ ಕೇಳದೆ ಎತ್ತಿಕೊಂಡರೆ ತಪ್ಪು ತಪ್ಪೇ. ಆ ಆಲ್ಬಮ್ಮನ್ನು ಒಂದೇ ಸಮನೆ ಕೇಳಿದರೆ ತಲೆನೋವೂ ಬರುತ್ತೆ. ಆಯ್ತಾ?

ನನ್ನ ಸಿಟ್ಟು ಬೇರೆ. ಮೂವರು ಗಾಯಕರ ಹೆಸರು ಬರೆದಿರಿ, ಆ ಚಪ್ಪಾಳೆ ಯಾರದ್ದು ಅಂತ ಹುಡುಕಲಿಲ್ಲ. ನಿಮ್ಮನ್ನೊಬ್ಬರನ್ನೇ ಬೈದು ಏನು ಬಂತು! ನಮ್ಮ ಕಚೇರಿಗೆ ವಾರವಾರವೂ ಸಂಗೀತ ಕಾರ್ಯಕ್ರಮಗಳ ಫೋಟೋ ಬರುತ್ತವೆ. ನಡುವೆ ಗಾಯಕರು, ಶಾಲು, ನಗು. ತಬಲಾದವರದ್ದು ಅರ್ಧ ಮುಖ, ಇಲ್ಲಾ ಬರೀ ಮೊಣಕೈ. ಕೆಳಗೆ ‘ಮತ್ತು ಇತರರು’. ನಾನು ಫೋನ್ ಮಾಡಿ ಆ ಮೊಣಕೈಯ ಹೆಸರು ಕೇಳುತ್ತೇನೆ. ಹೋದ ವಾರ ಒಬ್ಬ ಆಯೋಜಕರು “ವಿಚಾರಿಸಿ ಹೇಳ್ತೀನಿ ಸಾರ್” ಅಂದರು. ಪುಟ ಅಚ್ಚಿಗೆ ಹೋಗುವ ಹೊತ್ತಾಯಿತು, ಫೋನ್ ಇನ್ನೂ ಬಂದಿಲ್ಲ.

– ಸಂ.