ಪಾಸ್‌ವರ್ಡ್ ಸರಿಯಿದೆ, ಮೇಲ್ ಮಾತ್ರ ಹೋಗ್ತಿಲ್ಲ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಆಫೀಸು, ಎಂಟು ಜನ ಇದ್ದೇವೆ. ಬಾಡಿಗೆ ಸರ್ವರ್‌ಗೆ ಉಬುಂಟು ಹಾಕಿ, ಮೇಲ್ ಸಾಗಿಸೋ ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲ್ ತೋರಿಸೋ ಡವ್‌ಕಾಟ್ ಇನ್‌ಸ್ಟಾಲ್ ಮಾಡಿದ್ದೇನೆ. ಬರೋ ಮೇಲ್ ಆರಾಮಾಗಿ ಬರುತ್ತೆ. ಕಳಿಸಲು ಹೋದರೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತೆ. ನಾಲ್ಕು ಸಲ ಬದಲಾಯಿಸಿದರೂ ಅಷ್ಟೇ. ಲಾಗ್‌ನಲ್ಲಿ 'ಸಾಸ್ಲ್‌ಆಥ್‌ಡಿ ಸರ್ವರ್‌ಗೆ ಕನೆಕ್ಟ್ ಆಗಲಿಲ್ಲ, ಅಂಥ ಫೈಲ್ ಇಲ್ಲ' ಅಂತ ಬರುತ್ತಿದೆ. ಸಾಸ್ಲ್‌ಆಥ್‌ಡಿ ಇನ್‌ಸ್ಟಾಲ್ ಮಾಡಬೇಕಾ?

ಉತ್ತರ: ಬೇಡ. ಪಾಸ್‌ವರ್ಡ್ ಬದಲಾಯಿಸೋದನ್ನೂ ನಿಲ್ಲಿಸಿ. ಅದು ತಪ್ಪು ಅಂತ ಯಾರೂ ಹೇಳಿಲ್ಲ, ಯಾಕಂದ್ರೆ ಅದನ್ನು ಇನ್ನೂ ಯಾರೂ ನೋಡೇ ಇಲ್ಲ!

ಪೋಸ್ಟ್‌ಫಿಕ್ಸ್‌ಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರಲ್ಲ, ಇನ್ನೊಬ್ಬರನ್ನು ಕೇಳುತ್ತೆ. ಯಾರನ್ನು ಕೇಳಬೇಕು ಅಂತ ನೀವು ಹೇಳದಿದ್ದರೆ ಸೈರಸ್ ಅನ್ನೋ ಹಳೇ ವ್ಯವಸ್ಥೆಯ ಬಾಗಿಲು ತಟ್ಟುತ್ತೆ. ಪಾಸ್‌ವರ್ಡ್ ಪರೀಕ್ಷಿಸೋ ಸಾಸ್ಲ್‌ಆಥ್‌ಡಿ ಆ ಮನೆಯದು, ನಿಮ್ಮಲ್ಲಿ ಆ ಮನೆಯೇ ಇಲ್ಲ. ಎಲ್ಲಾ ಗೊತ್ತಿರೋ ಡವ್‌ಕಾಟ್ ಪಕ್ಕದಲ್ಲೇ ಸುಮ್ನೆ ಕೂತಿದೆ.

ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್ ಫೈಲಿನಲ್ಲಿ ಸಾಸ್ಲ್ ಟೈಪ್ ಸಾಲಿಗೆ ಡವ್‌ಕಾಟ್ ಅಂತ, ಸಾಸ್ಲ್ ಪಾತ್ ಸಾಲಿಗೆ ಪ್ರೈವೇಟ್/ಆಥ್ ಅಂತ ಕೊಡಿ. ಆಮೇಲೆ ಡವ್‌ಕಾಟ್‌ನ 10-ಮಾಸ್ಟರ್.ಕಾನ್ಫ್ ತೆಗೆಯಿರಿ. ಅಲ್ಲಿ ಪೋಸ್ಟ್‌ಫಿಕ್ಸ್‌ಗೆ ಅಂತಲೇ ಯುನಿಕ್ಸ್ ಲಿಸನರ್ (ಎರಡೂ ಮಾತಾಡಿಕೊಳ್ಳೋ ಸಾಕೆಟ್ ಫೈಲ್) ಬರೆದಿಟ್ಟಿರುತ್ತಾರೆ, ಮುಂದೆ ಹ್ಯಾಶ್ (#) ಇರೋದರಿಂದ ಅದು ಕೆಲಸ ಮಾಡಲ್ಲ. ಮೂರೂ ಸಾಲಿನ ಹ್ಯಾಶ್ ತೆಗೆಯಿರಿ. ನಾನೊಮ್ಮೆ ಕೊನೆಯ ಬ್ರ್ಯಾಕೆಟ್ ಸಾಲಿನದನ್ನು ತೆಗೆಯೋದು ಮರೆತು ಡವ್‌ಕಾಟ್ ಏಳದೇ ಹೋಯ್ತು, ಬರ್ತಿದ್ದ ಮೇಲೂ ನಿಂತು ಅರ್ಧ ದಿನ ಬೈಸಿಕೊಂಡೆ. ಅಲ್ಲಿ ಯಾರಿಗೆಲ್ಲ ಅನುಮತಿ ಅಂತ ಹೇಳೋ 0666 ಅನ್ನು 0660 ಮಾಡಿ, ಯೂಸರ್, ಗ್ರೂಪ್ ಎರಡಕ್ಕೂ ಪೋಸ್ಟ್‌ಫಿಕ್ಸ್ ಅಂತ ಬರೆಯಿರಿ. ಸಾಕೆಟ್ ಫೈಲಿನ ದಾರಿಯನ್ನು ಮಾತ್ರ ಬದಲಾಯಿಸಬೇಡಿ. ಉಬುಂಟುವಿನಲ್ಲಿ ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಮೇಲ್ ಸಾಲು ಇಡೋ ತನ್ನ ಸ್ಪೂಲ್ ಫೋಲ್ಡರಿನೊಳಗೇ ಬಾಗಿಲು ಹಾಕಿಕೊಂಡು ಓಡುತ್ತೆ, ಹೊರಗಿನ ಸಾಕೆಟ್ ಅದರ ಕಣ್ಣಿಗೆ ಬೀಳಲ್ಲ.

ಎರಡನ್ನೂ ರೀಸ್ಟಾರ್ಟ್ ಮಾಡಿ, ಡವ್‌ಅಡ್ಮ್ ಆಥ್ ಟೆಸ್ಟ್ ಕಮಾಂಡ್‌ಗೆ ಯೂಸರ್ ಹೆಸರು ಕೊಡಿ. ಸಕ್ಸೀಡೆಡ್ ಅಂದರೆ ಸರ್ವರ್ ಕಡೆ ಪಾಸ್‌ವರ್ಡ್ ಸರಿಯಿದೆ. ಆಮೇಲೂ ಯಾರದ್ದಾದರೂ ಫೋನ್ ಪಾಸ್‌ವರ್ಡ್ ಕೇಳ್ತಿದ್ದರೆ ಔಟ್‌ಗೋಯಿಂಗ್ ಸರ್ವರ್ ಸೆಟ್ಟಿಂಗ್ ನೋಡಿ. ಅಲ್ಲಿ ಹೆಸರು, ಪಾಸ್‌ವರ್ಡ್ ಬೇರೆಯಾಗಿ ಇರುತ್ತೆ. ನಾಲ್ಕು ಸಲ ಬದಲಾಯಿಸಿದ್ದೀರಲ್ಲ, ಯಾವುದೋ ಫೋನಿನಲ್ಲಿ ಎರಡನೆಯದು ಉಳಿದಿರುತ್ತೆ.

ಇದೆಲ್ಲ ಸರಿಹೋದ ಮೇಲೆ ಲಾಗ್‌ನಲ್ಲಿ ಹೊಸ ಸಾಲು ಶುರುವಾಗುತ್ತೆ: ಆಥೆಂಟಿಕೇಶನ್ ಫೇಲ್ಡ್, ಮುಂದೆ ಯು, ಜಿ, ಎಫ್ ಅಂತ ಶುರುವಾಗೋ 12 ಅಕ್ಷರ. ಗಾಬರಿಯಾಗಬೇಡಿ. ಅದು ಬೇಸ್64 ಅನ್ನೋ ಸಂಕೇತದಲ್ಲಿ ಬರೆದ 'ಪಾಸ್‌ವರ್ಡ್:' ಅನ್ನೋ ಪದ, ಅಷ್ಟೇ. ಯಾರೋ ಕೊಟ್ಟ ಪಾಸ್‌ವರ್ಡನ್ನು ಡವ್‌ಕಾಟ್ ನೋಡಿ ಬೇಡ ಅಂದಿದೆ ಅಂತ ಅರ್ಥ. ಆ ಸಾಲಿನ ಐಪಿ ನಿಮ್ಮ ಆಫೀಸಿನದಲ್ಲ ಅಂದ್ರೆ, ಯಾವುದೋ ದೇಶದ ಬಾಟ್ (ತಾನಾಗಿ ಓಡೋ ಪ್ರೋಗ್ರಾಂ) ಅಡ್ಮಿನ್, ಇನ್ಫೋ, ಟೆಸ್ಟ್ ಅಂತ ಹೆಸರು ಹಾಕಿ ನೋಡ್ತಿದೆ. ಹೊರಗಿನ ಮೇಲ್ ಬರೋ ಪೋರ್ಟ್ 25 ತೆರೆದ ಯಾವ ಸರ್ವರ್‌ಗೂ ಇದು ತಪ್ಪಿದ್ದಲ್ಲ. 25ರಲ್ಲಿ ಲಾಗಿನ್ ಅವಕಾಶವೇ ತೆಗೆದುಹಾಕಿ, ಪೋಸ್ಟ್‌ಫಿಕ್ಸ್‌ನ ಮಾಸ್ಟರ್.ಸಿಎಫ್‌ನಲ್ಲಿ, ನಿಮ್ಮವರು ಮೇಲ್ ಕಳಿಸೋ ಪೋರ್ಟ್ 587ಕ್ಕೆ ಮಾತ್ರ ಕೊಡಿ. ಗಲಾಟೆ ತುಂಬಾ ಕಡಿಮೆಯಾಗುತ್ತೆ.

ಉಳಿದ ಬಾಟ್‌ಗಳಿಗೆ ಫೇಲ್‌2ಬ್ಯಾನ್ ಅನ್ನೋ ಕಾವಲು ಪ್ರೋಗ್ರಾಂ ಹಾಕಬಹುದು. ಬೇರೇನೂ ಹೇಳದಿದ್ದರೆ 10 ನಿಮಿಷದಲ್ಲಿ 5 ಸಲ ತಪ್ಪಿದ ಐಪಿಯನ್ನು 10 ನಿಮಿಷ ಹೊರಗಿಡುತ್ತೆ. ನಿಮ್ಮ ಎಂಟು ಜನರೂ ಒಂದೇ ರೌಟರಿನ ಹಿಂದೆ ಇದ್ದೀರಿ ಅಲ್ವಾ? ಒಬ್ಬರ ಫೋನಿನಲ್ಲಿ ಹಳೇ ಪಾಸ್‌ವರ್ಡ್ ಉಳಿದಿದ್ದರೂ ಸಾಕು, ಇಡೀ ಆಫೀಸೇ ಹೊರಗೆ. ಆಫೀಸಿನ ಐಪಿ ಬದಲಾಗದಂಥದ್ದಾದರೆ ಅದನ್ನು ಇಗ್ನೋರ್‌ಐಪಿ ಸಾಲಿಗೆ ಮೊದಲೇ ಸೇರಿಸಿಬಿಡಿ.